ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ: ಮರ್ಲ್ ಹ್ಯಾಗರ್ಡ್ ಹಾಡಿದ್ದೆಷ್ಟು, ಅನುಭವಿಸಿದ್ದೆಷ್ಟು?

ಪ್ರಶ್ನೆ: ಅಮೆರಿಕದ ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್ ಅವರ ‘ಮಾಮಾ ಟ್ರೈಡ್’ ಹಾಡನ್ನು ಬಹಳ ಸಲ ಕೇಳಿದ್ದೇನೆ. ತನಗೆ ಇಪ್ಪತ್ತೊಂದು ತುಂಬಿದ್ದು ಜೈಲಿನಲ್ಲಿ, ಪೆರೋಲ್ ಕೂಡ ಸಿಗದ ಜೀವಾವಧಿ ಶಿಕ್ಷೆಯಲ್ಲಿ ಎಂದು ಅದರಲ್ಲಿ ಹೇಳಿಕೊಳ್ಳುತ್ತಾರೆ. ಅಂಥ ಶಿಕ್ಷೆಯಾದವರು ಹೊರಗೆ ಬಂದು ಇಷ್ಟು ದೊಡ್ಡ ಗಾಯಕರಾದದ್ದು ಹೇಗೆ? ರೈಲಿನ ಬೋಗಿಯಲ್ಲಿ ಬೆಳೆದರೆಂಬ ಮಾತು ನಿಜವೇ, ಅಥವಾ ಅದು ರೆಕಾರ್ಡ್ ಕಂಪನಿಯವರು ಕಟ್ಟಿದ ಕತೆಯೇ?

ಉತ್ತರ: ಬೋಗಿಯ ಮನೆ ನಿಜ. ಇಪ್ಪತ್ತೊಂದನೆಯ ಹುಟ್ಟುಹಬ್ಬ ಜೈಲಿನಲ್ಲಿ ಕಳೆದದ್ದೂ ನಿಜ. ಹ್ಯಾಗರ್ಡ್ ಹುಟ್ಟಿದ್ದು 1937ರ ಏಪ್ರಿಲ್ 6ರಂದು. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಕಾರಾಗೃಹಕ್ಕೆ ಅವರನ್ನು ತಂದು ಸೇರಿಸಿದ್ದು 1958ರ ಫೆಬ್ರವರಿಯಲ್ಲಿ. ಆದರೆ ಅವರಿಗೆ ಜೀವಾವಧಿ ಶಿಕ್ಷೆ ಎಂದೂ ಆಗಿರಲಿಲ್ಲ. ಆ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಇಂತಿಷ್ಟೇ ವರ್ಷ ಎಂದು ನ್ಯಾಯಾಧೀಶರು ಖಚಿತವಾಗಿ ಹೇಳುವ ಪದ್ಧತಿ ಇರಲಿಲ್ಲ. ಅಪರಾಧಕ್ಕೆ ತಕ್ಕಂತೆ ಕನಿಷ್ಠ ಮತ್ತು ಗರಿಷ್ಠ ಅವಧಿಯನ್ನು ಕಾನೂನೇ ಗೊತ್ತುಮಾಡಿತ್ತು. ಆ ಎರಡರ ನಡುವೆ ಕೈದಿಯನ್ನು ಯಾವಾಗ ಬಿಡಬೇಕೆಂಬುದನ್ನು ಅಡಲ್ಟ್ ಅಥಾರಿಟಿ ಎಂಬ ಮಂಡಳಿ ಆಮೇಲೆ ತೀರ್ಮಾನಿಸುತ್ತಿತ್ತು. ಹ್ಯಾಗರ್ಡ್ ಪಾಲಿಗೆ ಬಂದ ಗರಿಷ್ಠ ಅವಧಿ 15 ವರ್ಷ. ಅದರಲ್ಲಿ ಅವರು ಒಳಗೆ ಕಳೆದದ್ದು ಎರಡು ವರ್ಷ ಒಂಬತ್ತು ತಿಂಗಳಷ್ಟೇ. 1960ರ ನವೆಂಬರ್‌ನಲ್ಲಿ ಹೊರಗೆ ಬಂದರು, ಅದೂ ಹಾಡಿನಲ್ಲಿ ಸಿಗಲಾರದೆಂದು ಹೇಳಿಕೊಂಡ ಅದೇ ಪೆರೋಲ್ ಮೇಲೆ.

ಪ್ರಾಸಕ್ಕೆ, ಲಯಕ್ಕೆ ಹೊಂದಿಸಲು ಅಲ್ಪಸ್ವಲ್ಪ ತಿದ್ದಿದ್ದೇನೆ, ಉಳಿದದ್ದು ಹೆಚ್ಚೂಕಡಿಮೆ ನಡೆದದ್ದೇ ಎಂಬ ಅರ್ಥದ ಮಾತನ್ನು ಅವರೇ ಆಡಿದ್ದುಂಟು. ನನಗೆ ಕಾಣುವಂತೆ ಆ ತಿದ್ದುಪಡಿಯ ಹಿಂದೆ ಪ್ರಾಸದ ಅನುಕೂಲಕ್ಕಿಂತ ಹೆಚ್ಚಿನದೇನೋ ಇದೆ. ಆ ಹಾಡಿನ ಕೇಂದ್ರದಲ್ಲಿರುವುದು ಶಿಕ್ಷೆಯಲ್ಲ, ತಾಯಿ. ಆಕೆ ಮಾಡಬೇಕಾದ್ದನ್ನೆಲ್ಲ ಮಾಡಿದಳು, ಆದರೂ ಮಗ ದಾರಿ ತಪ್ಪಿದ, ಅದರಲ್ಲಿ ಆಕೆಯ ತಪ್ಪೇನೂ ಇಲ್ಲ ಎಂದು ಸಾರುವುದಕ್ಕಾಗಿ ಬರೆದ ಹಾಡು ಅದು. ಮೂರು ವರ್ಷದೊಳಗೆ ಮನೆಗೆ ಮರಳುವ ಮಗನ ಬಾಯಲ್ಲಿ ಆ ತಪ್ಪೊಪ್ಪಿಗೆಗೆ ಅಷ್ಟು ತೂಕ ಬರುತ್ತಿರಲಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಬೇಕಿದ್ದರೆ ಜೈಲಿಗಿಂತ ಮೊದಲು ಆ ತಾಯಿಯ ಮನೆಯನ್ನು ನೋಡಬೇಕು.

ತಂದೆ ಜೇಮ್ಸ್ ಹ್ಯಾಗರ್ಡ್ ಮತ್ತು ತಾಯಿ ಫ್ಲಾಸಿ ಮೂಲತಃ ಕ್ಯಾಲಿಫೋರ್ನಿಯಾದವರಲ್ಲ. ಓಕ್ಲಹೋಮಾ ರಾಜ್ಯದ ಚಕೋಟಾ ಎಂಬ ಊರಿನ ಬಳಿ ಅವರು ಬೇಸಾಯ ಮಾಡಿಕೊಂಡಿದ್ದರು. 1934ರಲ್ಲಿ ಅವರ ಕೊಟ್ಟಿಗೆಗೆ ಬೆಂಕಿ ಬಿದ್ದು, ದನಕರು, ಮೇವು, ಬಿತ್ತನೆಯ ಬೀಜ ಎಲ್ಲವೂ ಸುಟ್ಟುಹೋದವು. ಹ್ಯಾಗರ್ಡ್ ಕುಟುಂಬ ಧೂಳಿನ ಬಿರುಗಾಳಿಗೆ ಹೆದರಿ ಊರು ಬಿಟ್ಟಿತು ಎಂದು ಅನೇಕ ಲೇಖನಗಳಲ್ಲಿ ಬರೆದಿರುತ್ತದೆ, ಆದರೆ ಅದು ಪೂರ್ತಿ ಸರಿಯಲ್ಲ. ಹೊಲದ ಮೇಲ್ಮಣ್ಣನ್ನೇ ಹೊತ್ತೊಯ್ದ ಆ ಬಿರುಗಾಳಿಗಳ ಹೊಡೆತ ಹೆಚ್ಚಾಗಿ ಬಿದ್ದದ್ದು ಓಕ್ಲಹೋಮಾದ ಪಶ್ಚಿಮದ ತುದಿಗೆ. ಚಕೋಟಾ ಇರುವುದು ಪೂರ್ವಕ್ಕೆ, ಮಸ್ಕೋಗಿ ಪಟ್ಟಣಕ್ಕೆ ಸಮೀಪದಲ್ಲಿ. ಮಳೆ ಕೈಕೊಟ್ಟಿತ್ತು, ಆರ್ಥಿಕ ಮಹಾಕುಸಿತದಿಂದ ಬೆಳೆಗೆ ಬೆಲೆ ಇರಲಿಲ್ಲ, ಅದರ ಮೇಲೆ ಈ ಬೆಂಕಿ. ಮತ್ತೆ ಬಿತ್ತಲು ಬೀಜವೇ ಇಲ್ಲದ ರೈತನ ಮುಂದೆ ಹೆಚ್ಚು ದಾರಿಗಳಿರಲಿಲ್ಲ. 1935ರಲ್ಲಿ ಗಂಡ ಹೆಂಡತಿ ತಮ್ಮ ಇಬ್ಬರು ಮಕ್ಕಳಾದ ಲೋವೆಲ್ ಮತ್ತು ಲಿಲಿಯನ್ ಅವರನ್ನು ಕರೆದುಕೊಂಡು ಪಶ್ಚಿಮಕ್ಕೆ ಹೊರಟರು. ಮರ್ಲ್ ಆಗಿನ್ನೂ ಹುಟ್ಟಿರಲಿಲ್ಲ.

ಹಾಗೆ ವಲಸೆ ಬಂದವರನ್ನು ಕ್ಯಾಲಿಫೋರ್ನಿಯಾದವರು ‘ಓಕಿ’ ಎಂದು ಕರೆಯುತ್ತಿದ್ದರು. ಓಕ್ಲಹೋಮಾದವನು ಎಂದಷ್ಟೇ ಅದರ ಅರ್ಥವಾದರೂ ಬಳಕೆಯಲ್ಲಿ ಅದು ಬೈಗುಳವೇ ಆಗಿತ್ತು. ಕೊಳಕ, ಸೋಮಾರಿ, ಗತಿಗೆಟ್ಟವನು ಎಂಬುದೆಲ್ಲ ಆ ಎರಡಕ್ಷರದಲ್ಲಿ ಅಡಗಿರುತ್ತಿತ್ತು. ಹತ್ತಿ ಬಿಡಿಸುತ್ತ, ಹಣ್ಣು ಕೀಳುತ್ತ ಹೊಲದಿಂದ ಹೊಲಕ್ಕೆ ಅಲೆದು, ಡೇರೆಗಳಲ್ಲಿ ದಿನ ಕಳೆದ ಸಾವಿರಾರು ಕುಟುಂಬಗಳಿಗೆ ಹೋಲಿಸಿದರೆ ಹ್ಯಾಗರ್ಡ್ ಮನೆಯವರ ಅದೃಷ್ಟ ಕೊಂಚ ಮೇಲಾಗಿತ್ತು. ಜೇಮ್ಸ್ ಅವರಿಗೆ ಸ್ಯಾಂಟಾ ಫೆ ರೈಲ್ವೆಯಲ್ಲಿ ಕಾಯಂ ಕೆಲಸ ಸಿಕ್ಕಿತು.

ಬೋಗಿಯ ಕತೆ ಶುರುವಾಗುವುದು ಇಲ್ಲಿ. ಬೇಕರ್ಸ್‌ಫೀಲ್ಡ್ ನಗರದ ಉತ್ತರಕ್ಕೆ, ಕರ್ನ್ ನದಿಯ ಆಚೆ ದಡದಲ್ಲಿ, ತೈಲ ಬಾವಿಗಳ ನಡುವೆ ಆಯಿಲ್‌ಡೇಲ್ ಎಂಬ ಕಾರ್ಮಿಕರ ಊರಿದೆ. ಅಲ್ಲಿನ ಒಂದು ನಿವೇಶನದಲ್ಲಿ ರೈಲ್ವೆಯವರು ಕೈಬಿಟ್ಟ ಹಳೆಯ ಬೋಗಿಯೊಂದು ನಿಂತಿತ್ತು. ಅದು ಪ್ರಯಾಣಿಕರ ಬೋಗಿಯಲ್ಲ. ಹಣ್ಣು ತರಕಾರಿ ಕೆಡದಂತೆ ಮಂಜುಗಡ್ಡೆ ತುಂಬಿ ಸಾಗಿಸುತ್ತಿದ್ದ ಸರಕಿನ ಬೋಗಿ. ಅದನ್ನು ಮನೆಯಾಗಿ ಮಾಡಬಹುದೇ ಎಂದು ನಿವೇಶನದ ಒಡತಿ ಕೇಳಿದಾಗ ಮರಗೆಲಸ ಬಲ್ಲ ಜೇಮ್ಸ್ ಒಪ್ಪಿಕೊಂಡರು, ಮುಂದೆ ಅದನ್ನು ತಾವೇ ಕೊಂಡುಕೊಂಡರು. ಕಿಟಕಿ ಬಾಗಿಲು ಕೊಯ್ದು ಕೂರಿಸಿ, ಒಂದು ಬದಿಗೆ ಕೋಣೆಗಳನ್ನು ಸೇರಿಸಿ, ಬಚ್ಚಲು ಕಟ್ಟಿ, ಹಿಂದೆ ಒಂದು ಜಗಲಿಯನ್ನೂ ತೆಗೆದರು. ಶಾಖ ಒಳಗೆ ಬಾರದಂತೆ ದಪ್ಪವಾಗಿ ಕಟ್ಟಿದ ಗೋಡೆಗಳಾದ್ದರಿಂದ ಬೇಕರ್ಸ್‌ಫೀಲ್ಡ್‌ನ ಬೇಸಿಗೆಯಲ್ಲಿ ಅದು ಸುತ್ತಲಿನ ಅನೇಕ ಹಲಗೆ ಮನೆಗಳಿಗಿಂತ ತಂಪಾಗಿರುತ್ತಿತ್ತು. ಅದನ್ನೀಗ ಕರ್ನ್ ಕೌಂಟಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ದುರಸ್ತಿ ಮಾಡಿ ಇರಿಸಿದ್ದಾರೆ. ‘ಬೋಗಿಯಲ್ಲಿ ಬೆಳೆದ ಹುಡುಗ’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ನಿರ್ಗತಿಕ ಚಿತ್ರ ಆ ಮನೆಗೆ ಹೊಂದುವುದಿಲ್ಲ. ಅದು ಬಡವರ ಮನೆ, ಆದರೆ ಕೈಗೆಲಸ ಬಲ್ಲ ತಂದೆಯೊಬ್ಬ ಅಚ್ಚುಕಟ್ಟಾಗಿ ಕಟ್ಟಿದ ಮನೆ. ಹಸಿವಿನ ಕಣ್ಣುಗಳ ತಾಯಿಯ ಬಗ್ಗೆ, ಕೂಲಿಕಾರರ ಶಿಬಿರದ ಬಗ್ಗೆ ಹ್ಯಾಗರ್ಡ್ 1969ರಲ್ಲಿ ಹಾಡಿದ್ದು ತಮ್ಮ ಮನೆಯ ವರದಿಯಲ್ಲ. ಸುತ್ತಲಿನ ತಮ್ಮ ಜನರ ಬದುಕನ್ನು ತಾಯಿಯ ಮುಖದಲ್ಲಿಟ್ಟು ಹೇಳಿದ್ದು.

ಹಾಗಾದರೆ ನಿಜವಾದ ಕಷ್ಟ ಯಾವುದು? ಅದು 1946ರಲ್ಲಿ ಬಂತು. ಜೇಮ್ಸ್ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಮರ್ಲ್‌ಗೆ ಆಗ ಒಂಬತ್ತು ವರ್ಷ. ಅಣ್ಣ ಅಕ್ಕ ವಯಸ್ಸಿನಲ್ಲಿ ಬಹಳ ದೊಡ್ಡವರು. ಮನೆ ನಡೆಸಲು ಫ್ಲಾಸಿ ಮಾಂಸದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡರು. ಶಾಲೆ ಬಿಟ್ಟು ಬಂದ ಮಗನಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ ಎಂಬಂಥ ಖಾಲಿ ಮಧ್ಯಾಹ್ನಗಳು ಶುರುವಾದದ್ದು ಆಗ. ತಂದೆ ಬದುಕಿದ್ದರೆ ತಾನು ಹೀಗಾಗುತ್ತಿರಲಿಲ್ಲ ಎಂಬ ಭಾವ ಹ್ಯಾಗರ್ಡ್ ಅವರ ಮುಂದಿನ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥ ಮಾತುಗಳನ್ನು ಜನ ತಮ್ಮ ತಪ್ಪಿಗೆ ನೆಪವಾಗಿಯೂ ಬಳಸುತ್ತಾರೆ. ಅವರ ವಿಷಯದಲ್ಲಿ ಮಾತ್ರ ಕಾಲಾನುಕ್ರಮವೇ ಸಾಕ್ಷಿ ಹೇಳುತ್ತದೆ. ಮನೆ ಬಿಟ್ಟು ಓಡುವುದು, ಶಾಲೆ ತಪ್ಪಿಸುವುದು, ಸಣ್ಣ ಕಳ್ಳತನ ಎಲ್ಲವೂ ಆ ಸಾವಿನ ನಂತರದವು.

ಮೊದಲ ಸಲ ಗೂಡ್ಸ್ ರೈಲು ಹತ್ತಿ ಫ್ರೆಸ್ನೋವರೆಗೆ ಹೋದಾಗ ಹುಡುಗನಿಗೆ ಹತ್ತು ಹನ್ನೊಂದು ವರ್ಷವಿರಬಹುದು. ಮನೆಯವರಿಗೆ ರೈಲ್ವೆ ಪಾಸ್ ಇದೆಯಲ್ಲ, ಟಿಕೆಟ್ಟೇ ಇಲ್ಲದೆ ಸೀಟಿನಲ್ಲಿ ಕೂತು ಹೋಗಬಹುದಿತ್ತಲ್ಲ ಎಂದು ಅಮ್ಮನಿಗೆ ಅದೇ ಅರ್ಥವಾಗಲಿಲ್ಲವಂತೆ. ಅದನ್ನು ಅವರೇ ನಗುತ್ತ ಹೇಳಿಕೊಂಡಿದ್ದರು. ಎಲ್ಲಿಗೋ ತಲುಪುವುದು ಅವನ ಉದ್ದೇಶವೇ ಆಗಿರಲಿಲ್ಲ. ಹೆದರಿಸಿದರೆ ಸರಿಹೋದಾನೆಂದು ತಾಯಿ ಒಂದು ವಾರಾಂತ್ಯ ತಾವೇ ಅವನನ್ನು ಬಾಲಾಪರಾಧಿಗಳ ಗೃಹದಲ್ಲಿ ಬಿಟ್ಟು ನೋಡಿದರು. ಅದರಿಂದ ಏನೂ ಉಪಯೋಗವಾಗಲಿಲ್ಲ. ತಾಯಿ ಪ್ರಯತ್ನಪಟ್ಟಳು ಎಂಬ ಹಾಡಿನ ಮಾತು ಎಷ್ಟು ಅಕ್ಷರಶಃ ನಿಜವೆಂದು ತಿಳಿಯಬೇಕಿದ್ದರೆ ಈ ಒಂದು ಸಂಗತಿ ಸಾಕು. ಹದಿನಾಲ್ಕರಲ್ಲಿ ಗೆಳೆಯನೊಬ್ಬನ ಜೊತೆ ಟೆಕ್ಸಸ್‌ಗೆ ಓಡಿಹೋದ. ಆಮೇಲೆ ವಿಟ್ಟಿಯರ್‌ನ ಫ್ರೆಡ್ ಸಿ. ನೆಲ್ಸ್ ಶಾಲೆ, ಅಯೋನ್‌ನ ಪ್ರೆಸ್ಟನ್ ಶಾಲೆ ಎಂದು ಸುಧಾರಣಾ ಗೃಹಗಳ ಸರಣಿಯೇ ಬಂತು. ಎಲ್ಲಿ ಹಾಕಿದರೂ ತಪ್ಪಿಸಿಕೊಳ್ಳುವುದು ಅವನ ಚಾಳಿಯಾಗಿತ್ತು. ಒಟ್ಟು 17 ಸಲ ತಪ್ಪಿಸಿಕೊಂಡಿದ್ದೆ ಎಂದು ಹ್ಯಾಗರ್ಡ್ ದೊಡ್ಡವರಾದ ಮೇಲೆ ಲೆಕ್ಕ ಹೇಳುತ್ತಿದ್ದರು.

ಇದೇ ವರ್ಷಗಳಲ್ಲಿ ಸಂಗೀತವೂ ಬೆಳೆಯಿತು. ಜೇಮ್ಸ್ ಓಕ್ಲಹೋಮಾದಲ್ಲಿದ್ದಾಗ ಪಿಟೀಲು ನುಡಿಸುತ್ತಿದ್ದವರು. ಫ್ಲಾಸಿ ಚರ್ಚ್ ಆಫ್ ಕ್ರೈಸ್ಟ್ ಪಂಥದ ನಿಷ್ಠಾವಂತೆ. ಆ ಪಂಥದ ಆರಾಧನೆಯಲ್ಲಿ ವಾದ್ಯಗಳಿಗೆ ಜಾಗವಿಲ್ಲ, ಹೆಂಡದಂಗಡಿಯ ಸಂಗೀತವಂತೂ ದೂರದ ಮಾತು. ಮದುವೆಯಾದ ಮೇಲೆ ತಂದೆ ಪಿಟೀಲು ಬದಿಗಿಟ್ಟರು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಲೋವೆಲ್ ಕೊಟ್ಟ ಹಳೆಯ ಗಿಟಾರಿನಲ್ಲಿ ಮರ್ಲ್ ರೆಕಾರ್ಡುಗಳನ್ನು ಕೇಳಿ ಕೇಳಿ ನುಡಿಸಲು ಕಲಿತ. ಬಾಬ್ ವಿಲ್ಸ್, ಹ್ಯಾಂಕ್ ವಿಲಿಯಮ್ಸ್, ಎಲ್ಲರಿಗಿಂತ ಮಿಗಿಲಾಗಿ ಲೆಫ್ಟಿ ಫ್ರಿಜೆಲ್ ಅವನ ಗುರುಗಳು. ಬೇಕರ್ಸ್‌ಫೀಲ್ಡ್‌ನ ರೇನ್‌ಬೋ ಗಾರ್ಡನ್ಸ್‌ನಲ್ಲಿ ಫ್ರಿಜೆಲ್ ಕಾರ್ಯಕ್ರಮವಿದ್ದ ರಾತ್ರಿ ಗೆಳೆಯರು ಈ ಹುಡುಗನನ್ನು ವೇದಿಕೆಯ ಹಿಂದಕ್ಕೆ ಕರೆದೊಯ್ದರು. ಅವನು ಹಾಡಿದ್ದನ್ನು ಕೇಳಿದ ಫ್ರಿಜೆಲ್, ಮೊದಲು ಇವನು ಹಾಡಲಿ, ಆಮೇಲೆ ನಾನು ಎಂದು ಪಟ್ಟು ಹಿಡಿದರು. ಹದಿಹರೆಯದ ಆ ಹುಡುಗ ಫ್ರಿಜೆಲ್ ಅವರ ಗಿಟಾರನ್ನೇ ಹಿಡಿದು ತುಂಬಿದ ಸಭೆಯ ಮುಂದೆ ಹಾಡಿದ. ಪ್ರತಿಭೆಯಿದೆ ಎಂಬುದು ಅವನಿಗೂ ಊರಿಗೂ ಅಂದೇ ತಿಳಿದಿತ್ತು. ಆದರೂ ಮುಂದಿನ ನಾಲ್ಕು ವರ್ಷ ಅದರಿಂದ ಹೊಟ್ಟೆ ತುಂಬಲಿಲ್ಲ. 1956ರಲ್ಲಿ ಮದುವೆಯಾಯಿತು, ಮಗುವಾಯಿತು, ಕಾಯಂ ಕೆಲಸ ಮಾತ್ರ ಯಾವುದೂ ನಿಲ್ಲಲಿಲ್ಲ.

ಸ್ಯಾನ್ ಕ್ವೆಂಟಿನ್‌ಗೆ ಒಯ್ದ ಅಪರಾಧದ ಕತೆ ನಗೆ ಬರಿಸುವಷ್ಟು ಪೆದ್ದುತನದ್ದು. 1957ರ ಡಿಸೆಂಬರ್‌ನ ಒಂದು ರಾತ್ರಿ ಕುಡಿದ ಅಮಲಿನಲ್ಲಿ ಹ್ಯಾಗರ್ಡ್ ಮತ್ತು ಗೆಳೆಯನೊಬ್ಬ ಊರಿನ ಹೋಟೆಲೊಂದರ ಹಿಂಬಾಗಿಲು ಮುರಿಯಲು ಹೊರಟರು. ಬೆಳಗಿನ ಜಾವ ಮೂರು ಗಂಟೆಯಿರಬೇಕು, ಹೋಟೆಲು ಮುಚ್ಚಿದೆ ಎಂದು ಅವರು ಭಾವಿಸಿದ್ದರು. ಗಂಟೆ ಇನ್ನೂ ರಾತ್ರಿ ಹತ್ತು. ಒಳಗೆ ಗಿರಾಕಿಗಳು ಊಟ ಮಾಡುತ್ತಿದ್ದರು. ಪರಿಚಯದವನೇ ಆದ ಮಾಲೀಕ ಬಾಗಿಲು ತೆರೆದು, ಎಲ್ಲರಂತೆ ಮುಂದಿನ ಬಾಗಿಲಿಂದ ಬರಬಾರದೇನ್ರಪ್ಪಾ ಎಂಬರ್ಥದ ಮಾತು ಹೇಳಿದನಂತೆ. ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಸ್ಥಳೀಯ ಜೈಲಿನಲ್ಲೇ ಸ್ವಲ್ಪ ಕಾಲ ಕಳೆದು ಬರುತ್ತಿದ್ದರು. ಆದರೆ ವಿಚಾರಣೆಗೆ ಕಾದಿದ್ದಾಗ ಕ್ರಿಸ್‌ಮಸ್ ಹೊತ್ತಿಗೆ ಬೇಕರ್ಸ್‌ಫೀಲ್ಡ್ ಜೈಲಿನಿಂದಲೂ ತಪ್ಪಿಸಿಕೊಂಡರು, ಸ್ವಲ್ಪದರಲ್ಲೇ ಸಿಕ್ಕಿಬಿದ್ದರು. ಹಿಂದಿನ ಪರಾರಿಗಳ ಜೊತೆ ಇದೂ ಸೇರಿಕೊಂಡಿತು. ಸಣ್ಣ ಕಳ್ಳನೊಬ್ಬ ರಾಜ್ಯದ ಅತ್ಯಂತ ಕಠಿಣ ಕಾರಾಗೃಹಗಳಲ್ಲೊಂದಕ್ಕೆ ಹೋದದ್ದರ ಹಿಂದೆ ಕದ್ದದ್ದಕ್ಕಿಂತ ಓಡಿಹೋದದ್ದರ ಪಾಲೇ ದೊಡ್ಡದು.

ಒಳಗೆ ಹೋದ ಮೇಲೂ ಮೊದಮೊದಲು ಅವರೇನೂ ಬದಲಾಗಲಿಲ್ಲ. ಕಳ್ಳತನದಿಂದ ಬಿಯರ್ ತಯಾರಿಸಿ ಕೈದಿಗಳಿಗೆ ಹಂಚುತ್ತಿದ್ದರು, ಜೂಜು ನಡೆಸುತ್ತಿದ್ದರು. ಹೆಂಡತಿ ಬೇರೊಬ್ಬನಿಂದ ಗರ್ಭಿಣಿಯಾಗಿದ್ದಾಳೆ ಎಂಬ ಸುದ್ದಿ ತಲುಪಿದ್ದೂ ಅಲ್ಲಿಯೇ. ರ‍್ಯಾಬಿಟ್ ಎಂಬ ಅಡ್ಡಹೆಸರಿನ ಕೈದಿಯೊಬ್ಬ ತಪ್ಪಿಸಿಕೊಳ್ಳುವ ಯೋಜನೆ ಹಾಕಿದಾಗ ಹ್ಯಾಗರ್ಡ್ ಜೊತೆಗೆ ಹೋಗಲು ಮನಸ್ಸು ಮಾಡಿದ್ದರು. ನಿನಗೆ ಹಾಡು ಇದೆ, ನೀನು ಹೋಗಬೇಡ ಎಂದು ಗೆಳೆಯರು ತಡೆದರು. ರ‍್ಯಾಬಿಟ್ ಹೋದ, ಹೊರಗೆ ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದ, ಹಿಡಿದು ತಂದು ಅವನಿಗೆ ಮರಣದಂಡನೆ ವಿಧಿಸಿದರು. 1967ರಲ್ಲಿ ಬಂದ ‘ಸಿಂಗ್ ಮಿ ಬ್ಯಾಕ್ ಹೋಮ್’ ಹಾಡಿನಲ್ಲಿ ಮರಣದಂಡನೆಗೆ ನಡೆದು ಹೋಗುವ ಕೈದಿಯ ಹಿಂದೆ ಇರುವುದು ಈ ನೆನಪು. ಇನ್ನೊಮ್ಮೆ ಕುಡಿದು ಸಿಕ್ಕಿಬಿದ್ದು ಏಕಾಂತ ಸೆರೆಗೆ ಹೋದಾಗ, ಗಾಳಿಕಿಂಡಿಯ ಮೂಲಕ ಕ್ಯಾರಿಲ್ ಚೆಸ್‌ಮನ್ ಜೊತೆ ಮಾತನಾಡಿದ್ದಾಗಿ ಹೇಳಿಕೊಂಡಿದ್ದರು. ಚೆಸ್‌ಮನ್ ಆ ಹೊತ್ತಿಗೆ ಮರಣದಂಡನೆ ಕಾಯುತ್ತ ಜೈಲಿನೊಳಗಿಂದಲೇ ಪುಸ್ತಕ ಬರೆದು ಜಗತ್ತಿಗೆಲ್ಲ ಪರಿಚಿತನಾಗಿದ್ದ ಕೈದಿ. 1960ರ ಮೇ 2ರಂದು ಅವನ ದಂಡನೆ ಜಾರಿಯಾಯಿತು. ತನ್ನ ವಯಸ್ಸಿಗೆ ಇದೆಲ್ಲ ತಮಾಷೆಯಲ್ಲ ಎಂಬ ಅರಿವು ಹುಟ್ಟಿದ್ದು ಏಕಾಂತ ಸೆರೆಯ ಆ ಏಳು ದಿನಗಳಲ್ಲಿ ಎಂದು ಅವರು ಹೇಳುತ್ತಿದ್ದರು. ಹೊರಬಂದ ಮೇಲೆ ಜೈಲಿನ ಜವಳಿ ಗಿರಣಿಯಲ್ಲಿ ಕೆಲಸ ಕೇಳಿ ಪಡೆದರು, ಹೈಸ್ಕೂಲಿಗೆ ಸಮಾನವಾದ ಪರೀಕ್ಷೆ ಕಟ್ಟಿದರು, ಜೈಲಿನ ವಾದ್ಯವೃಂದಕ್ಕೆ ಸೇರಿದರು.

ಖ್ಯಾತ ಕಂಟ್ರಿ ಗಾಯಕ ಜಾನಿ ಕ್ಯಾಶ್ ಜೈಲಿಗೆ ಬಂದು ಹಾಡಿದ್ದನ್ನು ಹ್ಯಾಗರ್ಡ್ ಕೇಳಿದ ಪ್ರಸಂಗದ ಬಗ್ಗೆ ಒಂದು ಗೊಂದಲ ನಿವಾರಿಸಬೇಕು. ಕ್ಯಾಶ್ ಜೈಲಿನಲ್ಲಿ ಹಾಡಿದ ಪ್ರಸಿದ್ಧ ರೆಕಾರ್ಡುಗಳು 1968 ಮತ್ತು 1969ರವು. ಹ್ಯಾಗರ್ಡ್ ಕೈದಿಯಾಗಿ ಕೇಳಿದ್ದು ಅದಕ್ಕೂ ಮೊದಲಿನ ಸ್ಯಾನ್ ಕ್ವೆಂಟಿನ್ ಕಾರ್ಯಕ್ರಮವನ್ನು, 1959ರ ಹೊಸವರ್ಷದ ದಿನದ್ದನ್ನು. ಹಿಂದಿನ ರಾತ್ರಿಯ ಮೋಜಿನಿಂದ ಕ್ಯಾಶ್ ಅವರ ಗಂಟಲು ಕಟ್ಟಿಹೋಗಿತ್ತಂತೆ. ಆದರೂ ಆ ಸಾವಿರಾರು ಕೈದಿಗಳನ್ನು ಗೆದ್ದುಕೊಂಡರು. ಮರುದಿನದಿಂದ ಅಂಗಳದಲ್ಲಿ ಕೈದಿಗಳು ಹ್ಯಾಗರ್ಡ್ ಸುತ್ತ ಸೇರಿ ಕ್ಯಾಶ್ ಶೈಲಿಯ ಗಿಟಾರ್ ಕಲಿಸಿಕೊಡು ಎಂದು ದುಂಬಾಲು ಬಿದ್ದರು.

ಬಿಡುಗಡೆಯಾದ ಕೂಡಲೇ ಕಷ್ಟ ತೀರಿತೆಂದು ತಿಳಿಯಬಾರದು. ಹಗಲು ಅಣ್ಣನ ವಿದ್ಯುತ್ ಗುತ್ತಿಗೆ ಕೆಲಸದಲ್ಲಿ ಕಾಲುವೆ ತೋಡುವುದು, ರಾತ್ರಿ ಬೇಕರ್ಸ್‌ಫೀಲ್ಡ್‌ನ ಬಾರುಗಳಲ್ಲಿ ಗಿಟಾರ್ ನುಡಿಸುವುದು. ತೈಲ ಬಾವಿಯ ಕಾರ್ಮಿಕರು ಕುಣಿಯಲು ಬರುತ್ತಿದ್ದ ಆ ಗದ್ದಲದ ಜಾಗಗಳಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನ ನಯವಾದ ಸಂಗೀತ ಕೇಳಿಸುತ್ತಲೇ ಇರಲಿಲ್ಲ; ಎಲೆಕ್ಟ್ರಿಕ್ ಗಿಟಾರಿನ ಚೂಪು ನಾದವೇ ಬೇಕಿತ್ತು, ‘ಬೇಕರ್ಸ್‌ಫೀಲ್ಡ್ ಸೌಂಡ್’ ಎಂದು ಮುಂದೆ ಹೆಸರಾದದ್ದು ಅದೇ. ಲೂಯಿಸ್ ಟ್ಯಾಲಿ, ಫಜ್ಜಿ ಓವೆನ್ ನಡೆಸುತ್ತಿದ್ದ ಟ್ಯಾಲಿ ಎಂಬ ಪುಟ್ಟ ಕಂಪನಿಯಲ್ಲಿ ಮೊದಲ ರೆಕಾರ್ಡುಗಳು ಬಂದವು. 1965ರಲ್ಲಿ ಕ್ಯಾಪಿಟಲ್ ಕಂಪನಿ ಕರೆದುಕೊಂಡಿತು. ಅದೇ ವರ್ಷ ಗಾಯಕಿ ಬಾನಿ ಓವೆನ್ಸ್ ಅವರನ್ನು ಮದುವೆಯಾದರು. ಹಾಡು ಹೊಳೆದ ಗಳಿಗೆಯಲ್ಲೇ ಅದನ್ನು ಬರೆದಿಟ್ಟುಕೊಂಡು ಉಳಿಸಿದವರು ಬಾನಿ, ಮುಂದೆ ವಿಚ್ಛೇದನವಾದ ಮೇಲೂ ಅವರ ತಂಡದಲ್ಲಿ ಹಾಡಿದವರು.

ರೆಕಾರ್ಡ್ ಕಂಪನಿ ಕತೆ ಕಟ್ಟಿತೇ ಎಂದು ಕೇಳಿದ್ದೀರಿ. ನಡೆದದ್ದು ಅದಕ್ಕೆ ತದ್ವಿರುದ್ಧ. ಜೈಲಿನ ವಿಷಯ ಹೊರಬಿದ್ದರೆ ಎಲ್ಲ ಮುಗಿಯಿತು ಎಂಬ ಭಯ ಹ್ಯಾಗರ್ಡ್ ಅವರನ್ನು ವರ್ಷಗಟ್ಟಲೆ ಕಾಡಿತು. 1967ರ ಆರಂಭದಲ್ಲಿ ಅವರನ್ನು ಮೊದಲ ಸಲ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಅಗ್ರಸ್ಥಾನಕ್ಕೇರಿಸಿದ್ದು ಪರಾರಿಯಾದ ಅಪರಾಧಿಯೊಬ್ಬನ ಹಾಡು. ಅದನ್ನು ಅವರು ಬರೆದದ್ದಲ್ಲ. ಬರೆದ ಲಿಜ್ ಆ್ಯಂಡರ್ಸನ್ ದಂಪತಿಗೆ ಇವರ ಜೈಲುವಾಸದ ಸುಳಿವೇ ಇರಲಿಲ್ಲ. ಆ ಹಾಡು ಗೆದ್ದ ಮೇಲೆಯೇ ಅವರು ತಮ್ಮದೇ ಅನುಭವದಿಂದ ‘ಬ್ರ್ಯಾಂಡೆಡ್ ಮ್ಯಾನ್’, ‘ಸಿಂಗ್ ಮಿ ಬ್ಯಾಕ್ ಹೋಮ್’, 1968ರಲ್ಲಿ ‘ಮಾಮಾ ಟ್ರೈಡ್’ ಬರೆದರು. ಆಗಲೂ ಅವನ್ನು ಕೇವಲ ಹಾಡುಗಳೆಂದೇ ಜನ ಕೇಳುತ್ತಿದ್ದರು. ಸ್ಯಾನ್ ಕ್ವೆಂಟಿನ್ ಕಾರ್ಯಕ್ರಮಕ್ಕೆ ನಾನೂ ಇದ್ದೆ ಎಂದು ಒಮ್ಮೆ ಕ್ಯಾಶ್ ಅವರಿಗೆ ಹೇಳಿದಾಗ, ನೀವು ಅಂದು ಹಾಡಿದ ನೆನಪಿಲ್ಲವಲ್ಲ ಎಂದರಂತೆ ಕ್ಯಾಶ್. ಪ್ರೇಕ್ಷಕರಲ್ಲಿದ್ದೆ ಎಂಬುದು ಇವರ ಉತ್ತರ. ನೀವೇ ಬಾಯಿಬಿಟ್ಟು ಹೇಳಿಬಿಡಿ, ಆಮೇಲೆ ಯಾವ ಪತ್ರಿಕೆಯೂ ಅದನ್ನು ಹಿಡಿದು ಹೆದರಿಸಲಾರದು ಎಂದು ಒತ್ತಾಯಿಸಿ, ತಮ್ಮ ಟಿವಿ ಕಾರ್ಯಕ್ರಮದಲ್ಲಿ ಅದನ್ನು ಹೇಳಲು ಧೈರ್ಯ ತುಂಬಿದವರು ಕ್ಯಾಶ್. ಅಭಿಮಾನಿಗಳು ಬಿಟ್ಟುಹೋಗಲಿಲ್ಲ, ಅದುವರೆಗೆ ಕಲ್ಪನೆ ಎಂದುಕೊಂಡಿದ್ದ ಸಾಲುಗಳನ್ನು ಈಗ ಅಕ್ಷರಶಃ ನಂಬತೊಡಗಿದರು. ನಿಮ್ಮ ಪ್ರಶ್ನೆಯಲ್ಲಿರುವ ಜೀವಾವಧಿ ಶಿಕ್ಷೆ ನಿಜದ ಲೆಕ್ಕಕ್ಕೆ ಸೇರಿಕೊಂಡದ್ದು ಹೀಗೆ ಎಂದು ನನ್ನ ಊಹೆ.

1972ರ ಮಾರ್ಚ್‌ನಲ್ಲಿ, ಆಗ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ ಅವರಿಗೆ ಪೂರ್ಣ ಕ್ಷಮಾದಾನ ನೀಡಿದರು. ಆಮೇಲೂ ಇನ್ನೂ ಮೂರು ಮದುವೆಗಳು, ತೊಂಬತ್ತರ ದಶಕದ ದಿವಾಳಿತನ, 2008ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಎಂದು ಬದುಕು ಸುಗಮವೇನೂ ಆಗಿರಲಿಲ್ಲ. ಆದರೆ ಅವು ನಿಮ್ಮ ಪ್ರಶ್ನೆಯಾಚೆಯ ಸಂಗತಿಗಳು. 2016ರಲ್ಲಿ ತಮ್ಮ 79ನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಹಾಡುಗಳಲ್ಲಿ ಬದುಕು ಎಷ್ಟರಮಟ್ಟಿಗೆ ಬಂದಿದೆ ಎಂದು ನೀವೇ ಪರೀಕ್ಷಿಸಬೇಕೆಂದಿದ್ದರೆ 1967ರಿಂದ 1969ರವರೆಗಿನ ಅವರ ಹಾಡುಗಳನ್ನು ಬಂದ ಕ್ರಮದಲ್ಲೇ ಕೇಳಿ. ಜೈಲು, ತಾಯಿ, ಕೊನೆಗೆ ತಂದೆ ತಾಯಿಯರ ವಲಸೆ ಎಂದು ಹಾಡಿನಿಂದ ಹಾಡಿಗೆ ಅವರು ಹಿಂದಕ್ಕೆ ಹೋಗುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ.